ಮಾದೇವಿಯ ಹಿಡಿತದ ಗಂಟೆಗಳು

ನಮ್ಮೂರ ಗುಡ್ಡದಾಸ್ಪತ್ರೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ದಾಖಲೆ ಗುಮಾಸ್ತನಾಗಿದ್ದೆ. ಹೊರೆಗೇರಿಯಲ್ಲಿ ಹುಟ್ಟಿ ಪೆನ್ನು ಹಿಡಿಯುವ ಕೆಲಸಕ್ಕೆ ಹೋದವರಲ್ಲಿ ನಾನೇ ಮೊದಲಿಗ. ಕೇರಿಯ ಮಿಕ್ಕವರೆಲ್ಲ ಹಿಡಿಯುತ್ತಿದ್ದದ್ದು ರೋಗಿಗಳ ಕೈ. ಅಂಗೈಗೆ ಅಂಗೈ ಕೊಟ್ಟು ಹಿಡಿದರೆ ರೋಗಿಯ ನೋವು ಹಿಡಿದವರ ಮೈಗೆ ಇಳಿಯುತ್ತದೆ. ರೋಗ ಇದ್ದಲ್ಲೇ ಇರುತ್ತದೆ, ನೋವು ಮಾತ್ರ ಬರುತ್ತದೆ, ಕೈ ಬಿಟ್ಟರೆ ಹಿಂದಕ್ಕೆ ಹೋಗುತ್ತದೆ. ನಡುವೆ ಒಂದು ಪದರ ಬಟ್ಟೆ ಇದ್ದರೂ ಇಳಿಯುವುದಿಲ್ಲ. ಯಾರು ಹಿಡಿದರೂ ಇಳಿಯುತ್ತದೆ, ಅದಕ್ಕೆ ಕುಲ ಗೋತ್ರ ಇಲ್ಲ. ಆದರೆ ಹಿಡಿಯುವುದು ಹೊರೆಯವರ ಕಸುಬು ಎಂದು ಯಾವ ಕಾಲದಲ್ಲೋ ಆಗಿಹೋಗಿತ್ತು. ಹೊರೆಯವರ ಚರ್ಮ ದಪ್ಪ, ಅವರಿಗೆ ಅಷ್ಟಾಗಿ ತಟ್ಟುವುದಿಲ್ಲ ಎಂದು ಮೇಲ್ಜಾತಿಯವರ ಕೋಟೆಬೀದಿಯಲ್ಲಿ ಹೇಳುತ್ತಿದ್ದರು. ಹೇಳಿ ಹೇಳಿ ನಮ್ಮವರಲ್ಲೂ ಕೆಲವರು ಅದನ್ನು ನಂಬಿದ್ದರು.

ನನ್ನ ಅಕ್ಕ ಸಿದ್ದಾಜಮ್ಮ ಹೆರಿಗೆ ವಾರ್ಡಿನಲ್ಲಿದ್ದಳು. ಹೆತ್ತದ್ದು ಒಂದೇ ಮಗುವನ್ನು, ತಿಂದದ್ದು ಸಾವಿರ ಹೆರಿಗೆಯ ನೋವನ್ನು. ಭಾವ ಬೇಗ ತೀರಿಕೊಂಡಿದ್ದರಿಂದ ಅವಳೂ ಮಗಳು ಮಾದೇವಿಯೂ ನನ್ನ ಮನೆಯ ಪಕ್ಕದ ಕೋಣೆಯಲ್ಲೇ ಇದ್ದರು. ನನಗೆ ಮಕ್ಕಳಿಲ್ಲ. ಮಾದೇವಿಗೆ ಅಕ್ಷರ ತಿದ್ದಿಸಿದವನು ನಾನೇ. ಹತ್ತನೆಯ ವಯಸ್ಸಿನಿಂದ ಅವಳು ದಿನವೂ ಸ್ಕೂಲು ಮುಗಿಸಿಕೊಂಡು ವಾರ್ಡಿಗೆ ಬಂದು ಕೂರತೊಡಗಿದಳು. ಕೇರಿಯ ಎಲ್ಲ ಮಕ್ಕಳೂ ಹಾಗೆಯೇ. ಆದರೆ ಇವಳು ಬರೀ ಹಿಡಿದು ಕೂರುವವಳಲ್ಲ. ಕೈ ಬಿಟ್ಟು ಎದ್ದ ಮೇಲೆ ನನ್ನ ಮೇಜಿನ ಹತ್ತಿರ ಬಂದು, "ಮಾವ, ಆ ಮೂರನೇ ಮಂಚದವರದ್ದು ಹೊಟ್ಟೆ ನೋವಲ್ಲ. ಬೆನ್ನಿಂದ ಹೊರಟು ತೊಡೆಗೆ ಬತ್ತೈತೆ. ಕಲ್ಲಿರ್ಬೇಕು ಕಣ್ ಮಾವ" ಎನ್ನುವಳು. ಎರಡು ದಿನ ಬಿಟ್ಟು ಡಾಕ್ಟರೂ ಅದನ್ನೇ ಬರೆಯುವರು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಯಾರಿಗೆ ಹೇಳುವುದು?

ನನ್ನ ಕೆಲಸ ಹಿಡಿತದ ರಿಜಿಸ್ಟರು ಬರೆಯುವುದು. ರೋಗಿಯ ಹೆಸರು, ಮಂಚ, ವೇಳೆ, ಕೊನೆಗೆ 'ಹಿಡಿದವರು' ಎಂಬ ಕಾಲಂ. ಹೊರೆಯವರು ಹಿಡಿದರೆ ಅಲ್ಲಿ 'ಹೊರೆ - 1' ಎಂದು ಬರೆಯಬೇಕು. ಹೆಸರು ಬೇಕಿಲ್ಲ. ನನಗಿಂತ ಮುಂಚೆ ಇದ್ದ ಗುಮಾಸ್ತರು ಹಾಗೆ ಬರೆಯುತ್ತಿದ್ದರು, ನಾನೂ ಹಾಗೆಯೇ ಬರೆದೆ. ನನ್ನ ಸ್ವಂತ ಅಕ್ಕ ಎದುರಿಗೆ ಕೂತು ಹಲ್ಲು ಕಚ್ಚಿಕೊಂಡಿರುವಾಗಲೂ 'ಹೊರೆ - 1' ಎಂದೇ ಬರೆದೆ. ಕೋಟೆಬೀದಿಯ ವಿದ್ಯಾರ್ಥಿಗಳು ಬಂದಾಗ ಮಾತ್ರ ತಂದೆಯ ಹೆಸರು ಸಮೇತ ಪೂರ್ತಿ ಬರೆಯಬೇಕು, ಕೆಳಗೆ ರುಜು ಹಾಕಿಸಿಕೊಳ್ಳಬೇಕು. ಯಾಕೆಂದರೆ ಅವರು ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವವರು.

ಕಾಲೇಜು ಆಸ್ಪತ್ರೆಯ ಹಿಂದೆಯೇ ಇತ್ತು. ನಲವತ್ತು ಸೀಟು, ಸಾವಿರದ ಮೇಲೆ ಅರ್ಜಿ. ಅಂಕವೊಂದೇ ಸಾಲದು. ನೂರು ಗಂಟೆ ಹಿಡಿತ ಮಾಡಿರಬೇಕು, ನಾನೇಕೆ ವೈದ್ಯನಾಗಬೇಕು ಎಂದು ಸ್ವಂತ ಕೈಬರಹದಲ್ಲಿ ಪ್ರಬಂಧ ಬರೆದಿರಬೇಕು, ಆಮೇಲೆ ಸಂದರ್ಶನ. ಕೋಟೆಬೀದಿಯ ತಾಯಂದಿರು ತರಕಾರಿ ಅಂಗಡಿಯಲ್ಲಿ ಎದುರಾದರೆ ಕ್ಷೇಮ ಸಮಾಚಾರಕ್ಕೆ ಮೊದಲು "ನಿಮ್ಮವನದ್ದು ಎಷ್ಟು ಗಂಟೆಯಾಯಿತು?" ಎಂದು ಕೇಳುತ್ತಿದ್ದರು. ಪ್ರಬಂಧ ತಿದ್ದಿಕೊಡಲು ನಿವೃತ್ತ ಮೇಷ್ಟ್ರುಗಳಿದ್ದರು. ಅರ್ಜಿಗಳು ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದುದರಿಂದ ಎಲ್ಲವನ್ನೂ ಓದಿದ್ದೇನೆ. ಅಜ್ಜಿ ಸಾಯದ ಪ್ರಬಂಧವೇ ಇರುತ್ತಿರಲಿಲ್ಲ. ಒಬ್ಬ ಹುಡುಗನ ಅಜ್ಜಿಯಂತೂ ಎರಡನೇ ಸಲ ಅರ್ಜಿ ಹಾಕಿದಾಗ ಇನ್ನೊಂದು ಕಾಯಿಲೆಯಿಂದ ಸತ್ತಿದ್ದಳು. ಹಿಡಿತಕ್ಕೆ ಬರುವಾಗ ವಿದ್ಯಾರ್ಥಿಗಳು ಬಿಳಿ ಕೈಗವಸು ಹಾಕಬೇಕು, ಅದು ಶುಚಿತ್ವಕ್ಕೆ ಎಂದು ನಿಯಮ. ರೋಗಿಯ ಎಡಗೈ ಹಿಡಿದು ವಿದ್ಯಾರ್ಥಿ ಒಂದು ಕಡೆ ಕೂರುವನು. ಬಲಗೈ ಹಿಡಿದು ನಮ್ಮವರೊಬ್ಬರು ಇನ್ನೊಂದು ಕಡೆ. ಗಂಟೆ ವಿದ್ಯಾರ್ಥಿಯ ಲೆಕ್ಕಕ್ಕೆ. ಇದನ್ನು ಯಾರೂ ಗುಟ್ಟಾಗಿ ಮಾಡುತ್ತಿರಲಿಲ್ಲ. ಗುಟ್ಟು ಮಾಡುವಂಥದ್ದು ಅದರಲ್ಲಿ ಏನೋ ಇದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಸುಚರಿತಾ ಬಂದದ್ದು ಮಾದೇವಿಗೆ ಹದಿನಾರಾದ ಬೇಸಗೆಯಲ್ಲಿ. ಆಸ್ಪತ್ರೆಯ ಮುಖ್ಯಸ್ಥರಾದ ಡಾಕ್ಟರ್ ಶ್ರೀಪತಿರಾಯರ ಒಬ್ಬಳೇ ಮಗಳು. ಮಾದೇವಿಯ ಕ್ಲಾಸಿನವಳು. ಪಿಯುಸಿಯಲ್ಲಿ ಒಂದು ಪರೀಕ್ಷೆಗೆ ಇವಳು ಮೊದಲು, ಇನ್ನೊಂದಕ್ಕೆ ಅವಳು ಮೊದಲು. ಆದರೂ ಒಂದೇ ಬೆಂಚು, ಒಂದೇ ನೋಟ್ಸು. ಒಳ್ಳೆಯ ಹುಡುಗಿ ಎಂದು ಈಗಲೂ ಹೇಳುತ್ತೇನೆ. ಮೊದಲ ದಿನ ಅವಳು ಕೈಗವಸು ಕಳಚಿಟ್ಟಳು. "ನಿಜವಾಗಿ ಹಿಡಿಯದೆ ಹೇಗೆ ಬರೆಸಿಕೊಳ್ಳಲಿ, ಮರಿಸಿದ್ದಯ್ಯ?" ಎಂದಳು. ಅಂದು ಅವಳ ಪಾಲಿಗೆ ಬಂದದ್ದು ಸೀಮೆಎಣ್ಣೆ ಸ್ಟೌ ಸಿಡಿದು ಮೈ ಸುಟ್ಟುಕೊಂಡ ಹೆಂಗಸು. ಅಂಗೈ ತಾಗಿಸಿದ್ದೇ ತಡ, ಕುರ್ಚಿ ಸಮೇತ ಹಿಂದಕ್ಕೆ ಬಿದ್ದಳು. ಮಾದೇವಿ ಓಡಿಹೋಗಿ ಒಂದು ಕೈಯಲ್ಲಿ ಗೆಳತಿಯ ತಲೆ ಎತ್ತಿ, ಇನ್ನೊಂದು ಕೈಯಲ್ಲಿ ಆ ಹೆಂಗಸಿನ ಅಂಗೈ ಹಿಡಿದಳು. "ನೀನು ಗ್ಲೌಸು ಹಾಕ್ಕೊಂಡು ಆ ಕಡೆ ಕೂತ್ಕೋ ಸುಚಿ. ನಂಗೆ ಅಭ್ಯಾಸ ಐತೆ" ಎಂದಳು. ಸುಚರಿತಾ ಅಳುತ್ತಾ ಕೂತಳು. ಹಾಗೆ ಶುರುವಾದದ್ದು, ಎರಡು ವರ್ಷದಲ್ಲಿ ನೂರ ಹನ್ನೆರಡು ಗಂಟೆಯಾಯಿತು. ಅಷ್ಟು ಗಂಟೆಯೂ ಎದುರು ಕುರ್ಚಿಯಲ್ಲಿದ್ದವಳು ಮಾದೇವಿ. ಸುಚರಿತಾ ಕರವಸ್ತ್ರದಲ್ಲಿ ಅವಳ ಹಣೆಯ ಬೆವರು ಒರೆಸುತ್ತಿದ್ದಳು, ಪಾಠ ಓದಿ ಹೇಳುತ್ತಿದ್ದಳು. ನಾನು ರಿಜಿಸ್ಟರಿನಲ್ಲಿ 'ಕುಮಾರಿ ಸುಚರಿತಾ, ತಂದೆ ಡಾ. ಶ್ರೀಪತಿರಾವ್' ಎಂದು ದುಂಡಗೆ ಬರೆಯುತ್ತಿದ್ದೆ.

ಪರೀಕ್ಷೆಯ ಫಲಿತಾಂಶ ಬಂದು ಮಾದೇವಿ ಊರಿಗೇ ಎರಡನೆಯವಳಾದ ಮರುದಿನ ನನ್ನ ಮೇಜಿನ ಮುಂದೆ ಅರ್ಜಿ ತಂದಿಟ್ಟಳು. "ಮಾವ, ನನ್ನ ಗಂಟೆ ಲೆಕ್ಕ ಹಾಕಿ ಸರ್ಟಿಫಿಕೇಟು ಬರ್ಕೊಡು."

ನಾನು ಪೆನ್ನು ಕೆಳಗಿಟ್ಟೆ. "ನಿನ್ನ ಹೆಸರೇ ಇಲ್ವಲ್ಲ ಮಗ, ರಿಜಿಸ್ಟರಲ್ಲಿ."

"ಎಂಟು ವರ್ಷದಿಂದ ಕೂತಿದೀನಿ. ನೀನೇ ಕಂಡಿದೀಯ."

"ಕಂಡಿದೀನಿ. ಕಂಡದ್ದನ್ನೆಲ್ಲ ಬರೆಯೋಕೆ ನಂಗೆ ಅಧಿಕಾರ ಇಲ್ಲ ಕಣವ್ವ. ರಾಯರನ್ನ ಕೇಳು."

ರಾಯರು ಗದರಲಿಲ್ಲ, ಕೂರಿಸಿ ಮಾತಾಡಿದರು. ಬಾಗಿಲಲ್ಲಿ ನಾನೂ ನಿಂತಿದ್ದೆ. "ನೀನು ಜಾಣೆ, ಗೊತ್ತು. ಆದರೆ ಈ ಗಂಟೆಗಳು ಯಾಕಮ್ಮ ಇರೋದು? ಸೇವಾಮನೋಭಾವ ನೋಡೋಕೆ. ನಿಮ್ಮವರು ಹಿಡಿಯೋದು ಕಸುಬು. ಮೀನು ಈಜಿದರೆ ಅದಕ್ಕೆ ಬಹುಮಾನ ಕೊಡ್ತಾರಾ? ನಮ್ಮ ಮಕ್ಕಳು ತಮ್ಮದಲ್ಲದ ಕೆಲಸಕ್ಕೆ ಬರ್ತಾರೆ ನೋಡು, ಅದು ಸೇವೆ." ಮಾದೇವಿ ಏನೋ ಹೇಳಹೋದಳು. ಅವರು ಕೈ ಎತ್ತಿದರು. "ಬೇಡ ಅನ್ನೋದಿಲ್ಲ. ಇನ್ನೂ ಮೂರು ವಾರ ಇದೆ. ಎಲ್ಲರ ಹಾಗೆ ನೀನೂ ಬಾ. ಗವಸು ಹಾಕು, ಹೆಸರು ಬರೆಸು, ನೂರು ಗಂಟೆ ಕೂರು. ನಿಯಮ ಎಲ್ಲರಿಗೂ ಒಂದೇ."

ನಾನು ಖುಷಿಪಟ್ಟೆ, ಅದನ್ನು ಮುಚ್ಚಿಡುವುದಿಲ್ಲ. ಮರುದಿನ ಬೆಳಿಗ್ಗೆ ಹಿಡಿದವರು ಎಂಬ ಕಾಲಮ್ಮಿನಲ್ಲಿ 'ಕುಮಾರಿ ಮಾದೇವಿ, ತಾಯಿ ಸಿದ್ದಾಜಮ್ಮ' ಎಂದು ಬರೆದಾಗ ಅಕ್ಷರ ಸೊಟ್ಟಗಾಯಿತು. ನಮ್ಮ ಕೇರಿಯ ಹೆಸರೊಂದು ಆ ಪುಸ್ತಕಕ್ಕೆ ಬಿದ್ದದ್ದು ಅದೇ ಮೊದಲು. ಆದರೆ ಗವಸು ಹಾಕಿದ ವಿದ್ಯಾರ್ಥಿಯ ಎದುರು ಕುರ್ಚಿಯಲ್ಲಿ ಬರಿಗೈಯವರು ಒಬ್ಬರು ಇರಬೇಕಲ್ಲ, ಅದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಆ ವಾರ ಸುಟ್ಟಗಾಯದ ವಾರ್ಡಿಗೆ ಹಾಕಿದ್ದದ್ದು ನನ್ನ ಅಕ್ಕನನ್ನು.

ಮಂಚದ ಮೇಲೆ ಬೆಲ್ಲದ ಪಾಕ ಮೈಮೇಲೆ ಸುರಿದುಕೊಂಡ ಆಲೆಮನೆಯ ಆಳು. ಒಂದು ಕಡೆ ಮಗಳು, ಬಿಳಿ ಗವಸು ಹಾಕಿಕೊಂಡು, ಇಸ್ತ್ರಿ ಮಾಡಿದ ಲಂಗ ದಾವಣಿಯಲ್ಲಿ. ಇನ್ನೊಂದು ಕಡೆ ತಾಯಿ. ಸಿದ್ದಾಜಮ್ಮ ಅಂಗೈ ಕೊಟ್ಟಳು. ಆಳು ನಿಟ್ಟುಸಿರು ಬಿಟ್ಟು ಕಣ್ಣುಮುಚ್ಚಿದ. ನೋವು ಹೋದ ಕೂಡಲೇ ಎಲ್ಲರೂ ನಿದ್ದೆ ಹೋಗುತ್ತಾರೆ, ಹಿಡಿದವರ ಮುಖ ನೋಡಿರುವುದಿಲ್ಲ. ಅಕ್ಕನ ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದು ನಿಂತಿತು. ಅವಳು ಮಗಳ ಕಡೆ ನೋಡಿ ನಗಲು ನೋಡಿದಳು. "ಕೂತ್ಕೋ ಮಗ, ಕೂತ್ಕೋ. ಇದೇನೂ ಇಲ್ಲ. ಹೆರಿಗೆ ಮುಂದೆ ಇದೇನೂ ಇಲ್ಲ."

ಹತ್ತು ನಿಮಿಷವಾಗಿರಬಹುದು. ಮಾದೇವಿ ತನ್ನ ಗವಸನ್ನೇ ನೋಡುತ್ತಾ ಇದ್ದಳು. ಆಮೇಲೆ ಬಲಗೈಯದನ್ನು ಹಲ್ಲಿನಿಂದ ಎಳೆದು ತೆಗೆದು, "ಬುಡವ್ವ ನೀನು" ಎಂದು ತಾಯಿಯ ಕೈ ಬಿಡಿಸಿ ಆಳಿನ ಅಂಗೈ ತಾನೇ ಹಿಡಿದಳು. ಅಕ್ಕ ಬೈದಳು, ಬೇಡಿಕೊಂಡಳು, ಅವಳು ಬಿಡಲಿಲ್ಲ. ಆ ಹೊತ್ತಿಗೆ ಸರಿಯಾಗಿ ರಾಯರು ರೌಂಡ್ಸಿಗೆ ಬಂದರು. ನನ್ನ ಮೇಜಿನ ಹತ್ತಿರ ನಿಂತು ರಿಜಿಸ್ಟರಿನ ಮೇಲೆ ಬೆರಳಿಟ್ಟರು. "ಗವಸು ತೆಗೆದಿದ್ದಾಳೆ. ಬರಿಗೈಯಲ್ಲಿ ಹಿಡಿದರೆ ಅದು ಹೊರೆ. ಇದನ್ನ ಹೊಡೆದುಹಾಕಯ್ಯ."

ನಾನು ಹೊಡೆದುಹಾಕಿದೆ. ಅಡಿಕೋಲು ಇಟ್ಟು, ನೀಟಾಗಿ, ಅವಳ ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ 'ಹೊರೆ - 1' ಎಂದು ಬರೆದೆ. ಅವಳು ನೋಡುತ್ತಿದ್ದಳು. ಆ ಮೂರು ವಾರದಲ್ಲಿ ಅವಳು ದಿನವೂ ಬಂದಳು, ದಿನವೂ ಗವಸು ಹಾಕಿ ಕೂತಳು, ದಿನವೂ ತೆಗೆದಳು. ಎದುರಿಗೆ ಅಕ್ಕ ಇಲ್ಲದಿದ್ದರೆ ಕೇರಿಯ ಯಾವುದೋ ಅತ್ತೆ, ಯಾವುದೋ ಅಜ್ಜಿ. "ಯಾರ ಮುಖ ನೋಡ್ಕೊಂಡು ಕೂತಿರ್ಲಿ ಮಾವ?" ಎಂದಳು ಒಂದು ದಿನ. ನಾನು ದಿನವೂ ಗೆರೆ ಎಳೆದೆ.

ಅರ್ಜಿಯ ಕೊನೆಯ ದಿನ ನನಗೆ ಏನಾಯಿತೋ ಹೇಳಲಾರೆ. ಬೆಳಿಗ್ಗೆ ಅಕ್ಕ ಊಟದ ಡಬ್ಬಿ ಕೊಡುವಾಗ ಅವಳ ಬೆರಳು ನಡುಗುತ್ತಿತ್ತು. ಹಿಡಿಯುವವರಿಗೆ ಐವತ್ತರ ಮೇಲೆ ಬರುವ ನಡುಕ ಅದು, ನಮ್ಮ ಅವ್ವನಿಗೂ ಬಂದಿತ್ತು. ಕಚೇರಿಗೆ ಹೋದವನು ಆಸ್ಪತ್ರೆಯ ಮೊಹರಿರುವ ಹಾಳೆ ತೆಗೆದು ಬರೆದೆ. ಮಾದೇವಿ ಎಂಬ ಈ ಅಭ್ಯರ್ಥಿ ಹತ್ತನೆಯ ವಯಸ್ಸಿನಿಂದ ನನ್ನ ಕಣ್ಣೆದುರಿಗೆ ಆರು ಸಾವಿರ ಗಂಟೆಗೆ ಕಡಿಮೆಯಿಲ್ಲದಂತೆ ಬರಿಗೈಯಲ್ಲಿ ನೋವು ಹಿಡಿದಿದ್ದಾಳೆ. ಇದೇ ಸಾಲಿನಲ್ಲಿ ಅರ್ಜಿ ಹಾಕಿರುವ ವಿದ್ಯಾರ್ಥಿಗಳ ಗಂಟೆಗಳನ್ನು ವಾಸ್ತವವಾಗಿ ಹಿಡಿದವರು ಹೊರೆಗೇರಿಯವರು. ರಿಜಿಸ್ಟರಿನಲ್ಲಿ ನಾನು ಬರೆದಿರುವುದು ತಪ್ಪು. ಇಂತಿ, ಮರಿಸಿದ್ದಯ್ಯ, ದಾಖಲೆ ಗುಮಾಸ್ತ. ಮೊಹರು ಒತ್ತಿ ಅವಳ ಅರ್ಜಿಗೆ ಲಗತ್ತಿಸಿದೆ. ಸಂಜೆ ತೋರಿಸಿದಾಗ ಮಾದೇವಿ ಅದನ್ನು ಎರಡು ಸಲ ಓದಿ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ನನ್ನ ತೋಳಿಗೆ ಹಣೆ ಒತ್ತಿ ನಿಂತಳು. "ನಿನ್ನ ಕೆಲಸ ಹೋದ್ರೆ?" ಎಂದಳು. "ಹೋಗ್ಲಿ ಬುಡು" ಎಂದೆ. ಆ ಒಂದು ಸಂಜೆ ನಾನು ನಿಜವಾಗಿಯೂ ಹಾಗೆಂದುಕೊಂಡಿದ್ದೆ.

ಸಂದರ್ಶನದ ದಿನ ರಿಜಿಸ್ಟರು ಹೊತ್ತು ನಾನೂ ಒಳಗೆ ನಿಲ್ಲಬೇಕಾಯಿತು. ಮಗಳು ಅಭ್ಯರ್ಥಿಯಾದ್ದರಿಂದ ರಾಯರು ಸಮಿತಿಯಲ್ಲಿ ಕೂರಲಿಲ್ಲ. ಆ ಬಗ್ಗೆ ಎಲ್ಲರೂ ಅವರನ್ನು ಹೊಗಳಿದರು. ಅಧ್ಯಕ್ಷರು ಪ್ರೊಫೆಸರ್ ವೆಂಕಟಾಚಲಯ್ಯ, ರಾಯರ ಜೊತೆ ಓದಿದವರು. ಮೊದಲು ಸುಚರಿತಾಳನ್ನು ಕರೆದರು. ನನ್ನ ಕಾಗದ ಅವರ ಕೈಯಲ್ಲಿತ್ತು. "ಗುಮಾಸ್ತ ಹೀಗೆ ಬರೆದಿದ್ದಾನೆ. ನಿಜವೇನಮ್ಮ?"

ಆ ಹುಡುಗಿ ನನ್ನ ಕಡೆ ನೋಡಲಿಲ್ಲ, ಅಪ್ಪನನ್ನು ನೆನೆದು ಹೆದರಲಿಲ್ಲ. "ನಿಜ ಸರ್. ನನ್ನ ನೂರ ಹನ್ನೆರಡು ಗಂಟೆಯೂ ಮಾದೇವಿಯದು. ನಾನು ಒಂದು ನಿಮಿಷವೂ ಹಿಡಿದಿಲ್ಲ. ಹಿಡಿದ ದಿನ ಬಿದ್ದುಹೋದೆ." ಈಗ ಆಯಿತು ಅಂದುಕೊಂಡೆ. ಅಷ್ಟು ವರ್ಷದ ರಿಜಿಸ್ಟರು ನನ್ನ ಕಂಕುಳಲ್ಲಿ ಹಗುರವಾದ ಹಾಗಾಯಿತು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ನಲವತ್ತು ವರ್ಷದಲ್ಲಿ ಇಂಥ ಪ್ರಾಮಾಣಿಕತೆ ನಾನು ಕಂಡಿಲ್ಲ" ಎಂದರು. "ವೈದ್ಯರಿಗೆ ಬೇಕಾದ್ದು ಇದು. ತನ್ನ ಮಿತಿ ಗೊತ್ತಿರಬೇಕು, ಹಿಡಿಯೋರನ್ನ ಗುರುತಿಸಿ ಕೆಲಸ ಹಂಚೋದು ಗೊತ್ತಿರಬೇಕು." ಪಕ್ಕದಲ್ಲಿದ್ದವರು ತಲೆದೂಗಿದರು. ಮೂವರೂ ಅಂಕದ ಹಾಳೆಯಲ್ಲಿ ಬರೆದದ್ದು ನನಗೆ ಕಂಡಿತು. ಹತ್ತಕ್ಕೆ ಹತ್ತು. ಸುಚರಿತಾ "ಸರ್, ನಾನು ಹೇಳಿದ್ದು ಅದಲ್ಲ..." ಎಂದಳು. "ಸಾಕಮ್ಮ, ವಿನಯ ಅತಿಯಾಗಬಾರದು" ಎಂದು ನಕ್ಕು ಕಳಿಸಿದರು.

ಮಾದೇವಿ ಬಂದಳು. ಪ್ರಬಂಧದಲ್ಲಿ ಅವಳು ಬರೆದದ್ದು ಒಂದೇ ಪುಟ. ನೋವು ಎಲ್ಲಿಂದ ಹೊರಡುತ್ತದೆ ಎಂದು ನನ್ನ ಕೈಗೆ ತಿಳಿಯುತ್ತದೆ, ಅದನ್ನು ನಿಲ್ಲಿಸುವುದು ಹೇಗೆ ಎಂದು ಯಾರೂ ನನಗೆ ಹೇಳಿಕೊಟ್ಟಿಲ್ಲ, ಅದನ್ನು ಕಲಿಯಲು ಬರುತ್ತೇನೆ ಎಂದು. ಅಧ್ಯಕ್ಷರು ಅದನ್ನು ಪಕ್ಕಕ್ಕಿಟ್ಟು, "ಆರು ಸಾವಿರ ಗಂಟೆ ಅಂತಾನೆ ನಿನ್ನ ಮಾವ. ಸುಟ್ಟಗಾಯದ ನೋವು ಹೇಗಿರುತ್ತೆ, ಹೇಳು" ಎಂದರು. ಅವಳು ಹೇಳಿದಳು. ಚರ್ಮದ ಮೇಲಿನದು ಬೇರೆ, ಒಳಗಿನದು ಬೇರೆ. ಮೊದಲ ದಿನ ಉರಿಯುವುದು ಮೂರನೆಯ ದಿನ ಯಾಕೆ ಜಗ್ಗುತ್ತದೆ, ನೋವು ಇಲ್ಲದ ಕಡೆಯೇ ಗಾಯ ಯಾಕೆ ಹೆಚ್ಚು ಆಳ. ಪುಸ್ತಕದಲ್ಲಿರುವುದನ್ನು ಅವಳು ಮೈಯಿಂದ ಹೇಳುತ್ತಿದ್ದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣಲ್ಲಿ ನೀರು ಬಂತು.

"ನೋಡು, ಇದೇ ತೊಂದರೆ" ಎಂದರು ಅಧ್ಯಕ್ಷರು, ಮೃದುವಾಗಿಯೇ. "ಇಷ್ಟು ತಟ್ಟಿಸಿಕೊಳ್ಳುವವರು ನಾಳೆ ಚಾಕು ಹಿಡಿದು ಕೊಯ್ಯೋದು ಹೇಗೆ? ವೈದ್ಯರಿಗೆ ಒಂದು ಅಂತರ ಇರಬೇಕು."

"ನಮಗೆ ತಟ್ಟೋದೇ ಇಲ್ಲ, ಅದಕ್ಕೆ ನಮ್ಮ ಗಂಟೆ ಲೆಕ್ಕಕ್ಕಿಲ್ಲ ಅಂದ್ರಿ. ಈಗ ಹೆಚ್ಚು ತಟ್ಟುತ್ತೆ, ಅದಕ್ಕೆ ಆಗಲ್ಲ ಅಂತೀರಿ. ಎಷ್ಟು ತಟ್ಟಬೇಕು ಸರ್, ಹೇಳಿಬಿಡಿ" ಎಂದಳು ಮಾದೇವಿ. ಅವರು ಪೆನ್ನಿನ ಮುಚ್ಚಳ ಹಾಕಿದರು. ಆ ಹಾಳೆಯಲ್ಲಿ ಏನು ಬರೆದಿದ್ದರೆಂದು ಆಮೇಲೆ ಫೈಲು ಜೋಡಿಸುವಾಗ ನೋಡಿದೆ. 'ವಾದಿಸುವ ಸ್ವಭಾವ.'

ಪಟ್ಟಿಯಲ್ಲಿ ಸುಚರಿತಾ ಮೊದಲನೆಯವಳು. ಮಾದೇವಿ ನಲವತ್ತೊಂದನೆಯವಳು, ಕಾಯುವ ಪಟ್ಟಿಯಲ್ಲಿ ಒಂದನೆಯವಳು. ಮರುದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ರಾಯರು ತಾವಾಗಿ ನನ್ನ ದಾಖಲೆ ಕೋಣೆಗೆ ಬಂದರು. ಅಷ್ಟು ವರ್ಷದಲ್ಲಿ ಅವರು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಕೂರಲು ಸ್ಟೂಲು ಒರೆಸಿಕೊಟ್ಟೆ.

"ಒಬ್ಬ ಹುಡುಗ ಬೇರೆ ಊರಿನ ಕಾಲೇಜಿಗೆ ಹೋಗ್ತಿದ್ದಾನೆ. ಒಂದು ಸೀಟು ಖಾಲಿ" ಎಂದರು. "ನ್ಯಾಯವಾಗಿ ಅದು ನಿಮ್ಮ ಹುಡುಗಿಗೇ ಸಿಗಬೇಕು. ಆದರೆ ನಿನ್ನ ಆ ಕಾಗದ ಫೈಲಿನಲ್ಲಿದೆಯಲ್ಲ. ಬಾಯಲ್ಲಿ ಆಡಿದ್ದು ಗಾಳಿಗೆ ಹೋಯಿತು, ಕಾಗದ ಹೋಗೋದಿಲ್ಲ. ಮೇಲಿನವರು ಬಂದು ನೋಡಿದರೆ ನಲವತ್ತೂ ಸೀಟು ರದ್ದಾಗುತ್ತೆ, ಅವಳದ್ದೂ ಸೇರಿ. ಯಾರಿಗೆ ಏನು ಲಾಭ, ಹೇಳು?"

"ಏನು ಮಾಡಬೇಕು ಸ್ವಾಮಿ?"

"ಒಂದು ಸಾಲು. ಸೋದರ ಸೊಸೆ ಮೇಲಿನ ಮಮತೆಯಿಂದ ಹಾಗೆ ಬರೆದೆ, ಅದು ಸತ್ಯವಲ್ಲ ಅಂತ. ಅವಳಿಗೆ ಗಂಟೆ ಇಲ್ಲದಿದ್ದರೂ ಪರವಾಗಿಲ್ಲ, ಅನುಕಂಪದ ಮೇಲೆ ಸೇರಿಸಿಕೊಳ್ತೀವಿ. ಐದು ವರ್ಷ ಕಳೆದರೆ ನಿಮ್ಮ ಕೇರಿಯ ಮೊದಲ ಡಾಕ್ಟರು."

ಮಾದೇವಿಯನ್ನು ಒಂದು ಮಾತು ಕೇಳಬೇಕಿತ್ತು. ಹೆರಿಗೆ ವಾರ್ಡು ನನ್ನ ಕೋಣೆಯಿಂದ ನಲವತ್ತು ಹೆಜ್ಜೆ, ಅವಳು ಅಲ್ಲೇ ಇದ್ದಳು. ಕೇಳಿದರೆ ಬೇಡ ಎನ್ನುತ್ತಾಳೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಅಕ್ಕನ ನಡುಗುವ ಬೆರಳು ಕಣ್ಣ ಮುಂದೆ ಬಂತು. ಮಾದೇವಿಯ ಕುತ್ತಿಗೆಗೆ ಸ್ಟೆತಾಸ್ಕೋಪು ಬಿದ್ದ ಹಾಗೆ ಕಂಡಿತು. ಒಂದು ಸಾಲಿನಿಂದ ಏನು ಹೋಗುತ್ತದೆ ಅಂದುಕೊಂಡು ಬರೆದುಕೊಟ್ಟೆ. ಅವರು ಓದಿ, ಮಡಚಿ, "ನೀನು ಬುದ್ಧಿವಂತ" ಎಂದು ನನ್ನ ಹೆಗಲು ತಟ್ಟಿ ಹೋದರು. ಅವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ.

ಸೀಟಿನ ಪತ್ರ ಬಂದಾಗ ಕೇರಿಯವರು ಬೀದಿಗೆಲ್ಲ ನೀರು ಚಿಮುಕಿಸಿ ರಂಗೋಲಿ ಹಾಕಿದರು. ಸಿದ್ದಾಜಮ್ಮ ಪಾಯಸ ಮಾಡಿ ಮನೆ ಮನೆಗೂ ಹಂಚಿದಳು. ಮಾದೇವಿ ನನ್ನ ಕಾಲಿಗೆ ಬಿದ್ದು, "ಕೊನೆಗೂ ನಿನ್ನ ಕಾಗದ ಕೆಲಸ ಮಾಡ್ತು ನೋಡು ಮಾವ" ಎಂದಳು. ನಾನು ಪಾಯಸ ಕುಡಿಯುತ್ತಾ "ಹೂಂ" ಎಂದೆ.

ಕಾಲೇಜು ಶುರುವಾದ ದಿನ ಪ್ರಿನ್ಸಿಪಾಲರು ಹೊಸಬರ ಹೆಸರನ್ನೂ ಅವರವರ ಹಿಡಿತದ ಗಂಟೆಯನ್ನೂ ಓದಿ ಹೇಳುವುದು ವಾಡಿಕೆ. ನೂರ ಹನ್ನೆರಡು, ನೂರ ಐದು, ನೂರ ಮೂವತ್ತು ಎಂದು ಓದಿದಂತೆಲ್ಲ ಚಪ್ಪಾಳೆ. ಕೊನೆಗೆ, "ಮಾದೇವಿ. ಸೊನ್ನೆ. ಅನುಕಂಪದ ಆಧಾರ." ಸುಚರಿತಾ ಎದ್ದು ನಿಂತಳಂತೆ. ಅದು ಸುಳ್ಳು ಸರ್, ನಾನು ಸಮಿತಿಯ ಮುಂದೆಯೇ ಹೇಳಿದ್ದೇನೆ ಎಂದಳಂತೆ. ಪ್ರಿನ್ಸಿಪಾಲರು ಫೈಲಿನಿಂದ ಕಾಗದ ತೆಗೆದು, "ಸ್ವಂತ ಸೋದರಮಾವನೇ ಬರೆದುಕೊಟ್ಟಿದ್ದಾನಲ್ಲಮ್ಮ" ಎಂದು ಗಟ್ಟಿಯಾಗಿ ಓದಿದರಂತೆ. ಸುಚರಿತಾ ಕೂತಳಂತೆ. ಇದೆಲ್ಲ ನನಗೆ ಅಟೆಂಡರ್ ಹೇಳಿ ಮುಗಿಸುವಷ್ಟರಲ್ಲಿ ಮಾದೇವಿಯೇ ಬಂದಳು. ಹೊಸ ಬಿಳಿ ಕೋಟು, ಇನ್ನೂ ಮಡಿಕೆ ಬಿಟ್ಟಿರಲಿಲ್ಲ. ಅಟೆಂಡರ್ ಜಾಗ ಖಾಲಿ ಮಾಡಿದ.

"ನೀನ್ ಬರೆದದ್ದಾ?" ಎಂದಳು.

"ನಿನಗೋಸ್ಕರ ಮಗ. ಇಲ್ದಿದ್ರೆ ಸೀಟು..."

"ಇಲ್ದಿದ್ರೆ ಸೀಟು ಸಿಗದೋಳು ಆಗಿರ್ತಿದ್ದೆ, ಅಷ್ಟೇ. ಕೇರಿಯಲ್ಲಿ ಎಲ್ರೂ ಹಂಗೇ ಅವ್ರೆ. ಈಗ ಸುಳ್ಳು ಹೇಳಿ ಸೀಟು ತಗೊಂಡೋಳು ಆದೆ." ಅವಳ ದನಿ ಏರಲಿಲ್ಲ. "ಅವರು ಗೆರೆ ಎಳೀರಿ ಅಂದಾಗ ನೀನು ಎಳೀತಿದ್ದೆ. ಅದು ಹೊಟ್ಟೆಪಾಡು ಅಂತ ನಂಗೆ ಕೋಪ ಇರ್ಲಿಲ್ಲ. ಇದನ್ನ ಮಾತ್ರ ಪ್ರೀತಿಯಿಂದ ಮಾಡ್ಬುಟ್ಟೆಯಲ್ಲ ಮಾವ."

"ಕಾಲೇಜು ಬಿಟ್ಬಿಡ್ತೀಯಾ?" ಎಂದು ಕೇಳಿದೆ. ಆ ಹೊತ್ತಿನಲ್ಲೂ ನನಗಿದ್ದ ಭಯ ಅದೊಂದೇ.

"ಬಿಡಲ್ಲ. ಬಿಟ್ರೆ ಅವರಿಗೆ ಸುಲಭ. ಓದ್ತೀನಿ. ನೀನು ಮಾತ್ರ ನನ್ನ ನೋಡೋಕೆ ಬರ್ಬೇಡ." ಹೋಗುವಾಗ ಬಾಗಿಲು ಹಾಕಿಕೊಂಡು ಹೋದಳು.

ಮಾತಿನಂತೆ ಓದಿದಳು. ಮೊದಲ ವರ್ಷ ಪಾಠದ ವೇಳೆಗೆ ನೋವು ಹಿಡಿದು ತೋರಿಸಲು ಯಾರಾದರೂ ಬೇಕಾದಾಗ ಮೇಷ್ಟ್ರುಗಳು ಅವಳನ್ನೇ ಮುಂದಕ್ಕೆ ಕರೆಯುತ್ತಿದ್ದರಂತೆ. ನಿನ್ನ ಸೊನ್ನೆ ತುಂಬಿಕೊಳ್ಳಲಿ ಎನ್ನುತ್ತಿದ್ದರಂತೆ. ಮೂವತ್ತೊಂಬತ್ತು ಜನ ಅವಳ ಮುಖ ನೋಡಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಆ ಗಂಟೆಗಳನ್ನೂ ಯಾರೂ ಬರೆಯಲಿಲ್ಲ, ಅದು ಪಾಠದ ಭಾಗವಂತೆ. ಐದು ವರ್ಷಕ್ಕೆ ಡಾಕ್ಟರಾದಳು. ತಾಯಿಯನ್ನು ಕರೆದುಕೊಂಡು ಆಸ್ಪತ್ರೆಯ ಕ್ವಾರ್ಟರ್ಸಿಗೆ ಹೋದಳು. ಅಕ್ಕ ಹಬ್ಬಕ್ಕೆ ಯಾರ ಕೈಯಲ್ಲಾದರೂ ಒಬ್ಬಟ್ಟು ಕಳಿಸುತ್ತಾಳೆ, ತಾನು ಬರುವುದಿಲ್ಲ. ನಾನು ನಿವೃತ್ತನಾದೆ. ಹೊಸ ಗುಮಾಸ್ತ ಬಂದ. ರಿಜಿಸ್ಟರಿನ ಕಾಲಂ ಹಾಗೆಯೇ ಇದೆ. ಒಂದು ಮಾತ್ರ ಹೆಚ್ಚಾಗಿದೆ. ಹೊರೆಯವರಿಂದ ಹಿಡಿಸಿದ ವಿದ್ಯಾರ್ಥಿಗೆ ಈಗ 'ಮೇಲ್ವಿಚಾರಣೆ' ಎಂದು ಬೇರೆ ಅಂಕವುಂಟು. ಸುಚರಿತಾಳ ಸಂದರ್ಶನದ ಮೇಲೆ ಬಂದದ್ದು ಅದು.

ಹೋದ ತಿಂಗಳು ನನಗೆ ಎದೆಯಲ್ಲಿ ಏನೋ ಹಿಡಿದ ಹಾಗಾಗಿ ಗುಡ್ಡ ಹತ್ತಿದೆ. ಹೊರರೋಗಿ ವಿಭಾಗದಲ್ಲಿ ಸಾಲಾಗಿ ಬಾಗಿಲು. ಪ್ರತಿ ಬಾಗಿಲ ಮೇಲೂ ಡಾಕ್ಟರ ಹೆಸರು, ಕೆಳಗೆ ಅವರ ಹಿಡಿತದ ಗಂಟೆ. ರೋಗಿಗಳು ಅದನ್ನು ಓದಿಕೊಂಡು, ಓದಲು ಬಾರದವರು ಓದಿಸಿಕೊಂಡು ಸಾಲಿಗೆ ನಿಲ್ಲುತ್ತಾರೆ. ಸುಚರಿತಾಳ ಬಾಗಿಲ ಮುಂದಿನ ಸಾಲು ಮೆಟ್ಟಿಲ ತನಕ ಇತ್ತು. ಪಕ್ಕದ್ದು ಮಾದೇವಿಯ ಬಾಗಿಲು. ಹೆಸರು, ಕೆಳಗೆ ಒಂದು ದುಂಡನೆಯ ಸೊನ್ನೆ. ಅಲ್ಲಿಯ ಬೆಂಚು ಖಾಲಿ. ಮೊದಮೊದಲು ನಮ್ಮ ಕೇರಿಯವರು ಬರುತ್ತಿದ್ದರಂತೆ. ಡಾಕ್ಟರುಗಳಲ್ಲೆಲ್ಲ ಬರಿ ಕೈಯವಳು ಎಂದು ಯಾರೋ ನಗಾಡಿದ ಮೇಲೆ ಅವರೂ ಕಡಿಮೆಯಾದರಂತೆ. ನಾನು ಆ ಬೆಂಚಿನ ತುದಿಗೆ ಕೂತೆ.

ಕುಂಬಾರಬೀದಿಯ ಹೆಂಗಸೊಬ್ಬಳು ಬಸುರಿ ಸೊಸೆಯನ್ನು ಕರೆದುಕೊಂಡು ಬಂದು ನಿಂತಳು. ಅವಳ ಗುರುತು ಹತ್ತಿತು. ಹದಿನಾಲ್ಕು ವರ್ಷದ ಕೆಳಗೆ ಪಿತ್ತಕೋಶದ ಕಲ್ಲಾಗಿ ಅಡ್ಮಿಟ್ಟಾಗಿದ್ದವಳು. ಹನ್ನೆರಡು ವರ್ಷದ ಮಾದೇವಿ ನಾಲ್ಕು ಗಂಟೆ ಅವಳ ಕೈ ಹಿಡಿದು ಕೂತಿದ್ದಳು, ಎದ್ದ ಮೇಲೆ ಎರಡು ದಿನ ಅನ್ನ ಒಳಗಿಳಿದಿರಲಿಲ್ಲ. ಈ ಹೆಂಗಸು ಗೊರಕೆ ಹೊಡೆಯುತ್ತಿದ್ದಳು. "ಇಲ್ಲಿ ರಷ್ಷಿಲ್ಲ ಅತ್ತೆ, ಇಲ್ಲೇ ತೋರಿಸೋಣ" ಎಂದಳು ಸೊಸೆ. ಅತ್ತೆ ಬೋರ್ಡಿನ ಕಡೆ ಬೆರಳು ತೋರಿಸಿದಳು. "ಸೊನ್ನೆ ಕಾಣಲ್ವಾ? ಯಾರ ಕೈಯನ್ನೂ ಹಿಡಿದೋಳಲ್ಲವಂತೆ. ಇವಳಿಗೆ ನಿನ್ನ ಸಂಕಟ ಏನ್ ಗೊತ್ತಾಯ್ತದೆ?"

ನಾನು ಎದ್ದು ನಿಂತೆ. "ಅದು ಸುಳ್ಳು ಕಣಮ್ಮ" ಎಂದೆ. "ಆ ಸೊನ್ನೆ ಸುಳ್ಳು. ನಿನ್ನ ಕೈಯನ್ನೇ ಹಿಡಿದಿದ್ದಾಳೆ ಅವಳು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸುಳ್ಳಾದ್ರೆ ಬೋರ್ಡಿನಲ್ಲಿ ಯಾಕೆ ಬರೀತಾರೆ? ಯಾರು ಬರೆಸಿದ್ದು?"

"ನಾನೇ" ಎಂದೆ. "ನಾನೇ ಬರೆದುಕೊಟ್ಟದ್ದು. ಅವಳ ಸೋದರಮಾವ ನಾನು."

"ಸೋದರಮಾವನೇ ಬರೆದುಕೊಟ್ಟ ಮೇಲೆ ಇನ್ನೇನು" ಎಂದು ಅವಳು ಸೊಸೆಯ ರಟ್ಟೆ ಹಿಡಿದು ಪಕ್ಕದ ಸಾಲಿನ ಕೊನೆಗೆ ಹೋಗಿ ನಿಂತಳು.

ಆಗ ಬಾಗಿಲು ತೆರೆಯಿತು. ಮಾದೇವಿ ಹೊಸ್ತಿಲಲ್ಲಿ ನಿಂತಳು. ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು ಬಂದಿತ್ತು, ಆ ವಯಸ್ಸಿಗೇ. ಬೆಂಚನ್ನು ನೋಡಿದಳು. ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ ನನ್ನನ್ನು ನೋಡಿದಳು. ನೋಡಲಿಲ್ಲ ಎನ್ನುವ ಹಾಗಿಲ್ಲ, ಚೆನ್ನಾಗಿಯೇ ನೋಡಿದಳು. ಆಮೇಲೆ ಒಳಗಿದ್ದ ನರ್ಸಿನ ಕಡೆ ತಿರುಗಿ, "ಹೊರಗೆ ಯಾರೂ ಇಲ್ಲ. ನೀವು ಊಟ ಮಾಡಿ ಸಿಸ್ಟರ್" ಎಂದು ಬಾಗಿಲು ಹಾಕಿಕೊಂಡಳು.